ಕಂಟ್ರೋಲಿನ ಕಾಲ: ಎರಡನೆಯ ಮಹಾಯುದ್ಧವೂ ಸಮಡೋಳಿ ಸೀಮೆಯ ಮನೆಬಾಳೂ

ನಮ್ಮ ಸೀಮೆಯ ಹಿರಿಯರು ಕಾಲವನ್ನು ಹೇಳುವಾಗ ಇಸವಿಯ ಅಂಕಿಯನ್ನು ಬಳಸುತ್ತಿದ್ದುದು ಕಡಿಮೆ. ಪ್ಲೇಗು ಬಂದ ವರ್ಷ, ಹೊಳೆ ಊರೊಳಗೆ ಹೊಕ್ಕ ವರ್ಷ, ಇಂಥವರ ಲಗ್ನವಾದ ವರ್ಷ ಎಂದೇ ಅವರ ಲೆಕ್ಕ. ಆ ಲೆಕ್ಕದಲ್ಲಿ ‘ಕಂಟ್ರೋಲಿನ ಕಾಲ’ ಎಂಬುದೊಂದು ಇರುವದು. ಅದು ಯಾವ ಅರಸನ ಆಳಿಕೆಯೂ ಅಲ್ಲ, ಯಾವ ಪಂಚಾಂಗದಲ್ಲಿಯೂ ಬರೆದುದಲ್ಲ. 1939ರ ಸಪ್ಟಂಬರದಲ್ಲಿ ಹತ್ತಿದ ಎರಡನೆಯ ಮಹಾಯುದ್ಧದ ನಡುವೆ ಅದು ಮೊದಲಾಗಿ, ಯುದ್ಧ ಮುಗಿದು ಎಷ್ಟೋ ವರ್ಷ ಕಳೆದ ಮೇಲೆ ಮುಗಿಯಿತು. ಆ ಕಾಲದಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತು ದಾಟಿರುವರು. ಅವರಲ್ಲಿ ಉಳಿದವರು ಕೆಲವರೇ. ಆದ್ದರಿಂದ ಆ ದಿನಗಳ ಮನೆಬಾಳನ್ನು ಕುರಿತು ನಾಲ್ಕು ಮಾತು ಬರೆದಿಡುವದು ಅವಶ್ಯವೆಂದು ನಮಗೆ ತೋರಿದೆ.

ಸಮಡೋಳಿಯ ಹೆಸರು ಪುಸ್ತಕಗಳಲ್ಲಿ ಬರುವದು ಬೇರೊಂದು ಕಾರಣಕ್ಕಾಗಿ. 1924ರಲ್ಲಿ ಶಾಂತಿಸಾಗರ ಮುನಿಮಹಾರಾಜರಿಗೆ ಇಲ್ಲಿಯೇ ಆಚಾರ್ಯಪದವಿ ದೊರೆಯಿತು. ಆ ಪ್ರಸಂಗವನ್ನು ಬರೆದಿಟ್ಟವರು ಹಲವರಿರುವರು. ಆದರೆ ಅದೇ ಊರಿನ ಅಡಿಗೆಮನೆಯಲ್ಲಿ ಯುದ್ಧದ ದಿನಗಳಲ್ಲಿ ದೀಪಕ್ಕೆ ಯಾವ ಎಣ್ಣೆ ಹಾಕುತ್ತಿದ್ದರು, ಕಾಳು ಎಲ್ಲಿಂದ ಬರುತ್ತಿತ್ತು, ಹರಿದ ಸೀರೆ ಏನಾಗುತ್ತಿತ್ತು ಎಂಬುದನ್ನು ಬರೆದವರು ವಿರಳ. ಗುಂಡು ಹಾರದ, ಬಾಂಬು ಬೀಳದ ಊರಿನಲ್ಲಿ ಯುದ್ಧದ ಇತಿಹಾಸ ಏನಿದ್ದೀತು ಎಂದು ಕೆಲವರು ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಈ ಸೀಮೆಗೆ ಗಡಿಯೆಂಬುದು ಅನುಭವಕ್ಕೆ ಬಂದದ್ದೇ ಆ ಕಾಲದಲ್ಲಿ. ಗಡಿನಾಡಿನ ಶಿಕ್ಷಕರಾದ ನಮಗೆ ಇದಕ್ಕಿಂತ ಹತ್ತಿರದ ವಿಷಯ ಬೇರೆ ಇಲ್ಲ.

ಆಳಿಕೆ ಹಲವು, ಸಂತೆ ಒಂದು

ಮೊದಲು ಈ ನೆಲದ ಇರವನ್ನು ತಿಳಿಯಬೇಕು. ಸಮಡೋಳಿ, ಕವಠೆಪಿರಾನ, ದುಧಗಾವ ಮೊದಲಾದ ಊರುಗಳು ಕೃಷ್ಣಾ ಮತ್ತು ವಾರಣಾ ನದಿಗಳ ನಡುವಿನ ಕರಿಯ ಮಣ್ಣಿನ ನೆಲದಲ್ಲಿರುವವು. ಈ ಎರಡು ನದಿಗಳು ಸಾಂಗ್ಲಿಯ ಬಳಿಯ ಹರಿಪುರದಲ್ಲಿ ಕೂಡುವವು. ಯುದ್ಧದ ಕಾಲಕ್ಕೆ ಈ ಸೀಮೆಯಲ್ಲಿ ಒಂದೇ ಸರಕಾರವಿದ್ದಿಲ್ಲ. ಸಾಂಗ್ಲಿ ಸಂಸ್ಥಾನ, ಮಿರಜದ ಹಿರಿಯ ಹಾಗೂ ಕಿರಿಯ ಪಾತಿಯ ಸಂಸ್ಥಾನಗಳು, ಕೊಲ್ಹಾಪುರ ಸಂಸ್ಥಾನ, ಔಂಧ ಸಂಸ್ಥಾನ, ಇವುಗಳ ನಡುವೆ ಬ್ರಿಟಿಷರ ಸಾತಾರಾ ಜಿಲ್ಲೆಯ ತಾಸಗಾವ, ವಾಳವೆ ತಾಲೂಕುಗಳು, ಹೀಗೆ ಒಂದರೊಳಗೊಂದು ಹೆಣೆದುಕೊಂಡಿದ್ದವು. ಕೌದಿಯ ತುಂಡುಗಳಂತೆ ಒಂದು ಊರು ಒಬ್ಬರದು, ಮಗ್ಗುಲಿನ ಊರು ಇನ್ನೊಬ್ಬರದು.

ಸಾಂಗ್ಲಿ ಸಂಸ್ಥಾನವಾದರೂ ಒಂದೇ ಕಡೆ ಇದ್ದಿಲ್ಲ. ಮಿರಜ ಪ್ರಾಂತ, ಕುಚಿ, ಮಂಗಳವೇಢೆ, ತೇರದಾಳ, ಶಹಾಪುರ, ಶಿರಹಟ್ಟಿ ಎಂಬ ಆರು ತಾಲೂಕುಗಳು ದೂರದೂರ ಚದುರಿದ್ದವು. ಇವುಗಳಲ್ಲಿ ತೇರದಾಳ, ಶಹಾಪುರ, ಶಿರಹಟ್ಟಿಗಳು ಕನ್ನಡದ ಊರುಗಳೆಂದು ವಾಚಕರು ಬಲ್ಲರು. ಸಾಂಗ್ಲಿಯ ಪಟವರ್ಧನ ಅರಸರ ಕಚೇರಿಗೆ ಕನ್ನಡ ಪ್ರಜೆ ಮರಾಠಿ ಪ್ರಜೆಯಷ್ಟೇ ಪರಿಚಿತನಾಗಿದ್ದನು. ಜೈನ, ಲಿಂಗಾಯತ ಒಕ್ಕಲು ಮನೆತನಗಳಲ್ಲಿ ಒಳಗೆ ಕನ್ನಡ, ಅಂಗಳದಾಚೆ ಮರಾಠಿ ಎಂಬ ರೂಢಿ ಹಲವು ಕಡೆ ಇತ್ತು. ಹೆಣ್ಣು ಕೊಡುವದು, ತರುವದು, ಎತ್ತು ಕೊಳ್ಳುವದು, ಜಾತ್ರೆಗೆ ಹೋಗುವದು, ಇವು ಯಾವುದಕ್ಕೂ ಸಂಸ್ಥಾನದ ಸರಹದ್ದು ಅಡ್ಡ ಬರುತ್ತಿದ್ದಿಲ್ಲ. ಆಳುವವರು ಐದಾರು ಜನರಿದ್ದರೂ ಸಂತೆ ಮಾತ್ರ ಒಂದೇ ಆಗಿತ್ತು. ಅರಿಶಿಣವಾಗಲಿ ಬೆಲ್ಲವಾಗಲಿ ಸಾಂಗ್ಲಿಯ ಪೇಠೆಗೆ ಗಾಡಿ ಕಟ್ಟಿಕೊಂಡು ಹೋದರೆ ತೀರಿತು.

ದೀಪ ಆರಿದ ಬಗೆ

ಯುದ್ಧದ ಮೊದಲ ಎರಡು ವರ್ಷಗಳಲ್ಲಿ ಹಳ್ಳಿಯ ಬಾಳಿಗೆ ಹೆಚ್ಚಿನ ಧಕ್ಕೆ ತಗಲಲಿಲ್ಲ. ಬೆಳೆಗೆ ಬೆಲೆ ಬಂದಿತೆಂದು ರೈತರು ಸಂತೋಷಪಟ್ಟುದೂ ಉಂಟು. 1942ರ ಮಾರ್ಚದಲ್ಲಿ ರಂಗೂನು ಜಪಾನಿಯರ ಕೈಸೇರಿದೊಡನೆ ಎಲ್ಲವೂ ಬದಲಾಯಿತು. ಬರ್ಮಾದ ಅಕ್ಕಿ ನಿಂತಿತು. ಅದರೊಡನೆ ಬರ್ಮಾದ ಸೀಮೆಎಣ್ಣೆಯೂ ನಿಂತಿತು. ಅದೇ ತಿಂಗಳು ಜಾವಾ ದ್ವೀಪವೂ ಬಿದ್ದುದರಿಂದ ಮಲೇರಿಯಾ ಜ್ವರಕ್ಕೆ ಬೇಕಾದ ಕ್ವಿನೈನಿಗೂ ತತ್ವಾರವಾಯಿತು.

ನಮ್ಮ ಕಡೆ ಸೀಮೆಎಣ್ಣೆಗೆ ‘ಚಿಮಣಿ ಎಣ್ಣಿ’ ಎನ್ನುವರು. ಆ ಎಣ್ಣೆ ಮನೆಗಿಷ್ಟೆಂದು ಅಳೆದು ಸಿಗತೊಡಗಿದಾಗ ಹಳ್ಳಿಯ ರಾತ್ರಿಯೇ ಚಿಕ್ಕದಾಯಿತು. ಬೆಳಕಿರುವಾಗಲೇ ರೊಟ್ಟಿ ಬಡಿದು, ಬೆಳಕಿರುವಾಗಲೇ ಉಂಡು, ಹೊತ್ತು ಮುಳುಗುತ್ತಲೇ ಮಲಗುವ ರೂಢಿ ಬಿದ್ದಿತು. ಸೂರ್ಯಾಸ್ತಕ್ಕೆ ಮುನ್ನವೇ ಉಣ್ಣುವ ವ್ರತವುಳ್ಳ ಜೈನ ಮನೆಗಳಿಗೆ ಇದು ಹೊಸದೆನಿಸಲಿಲ್ಲ. ಉಳಿದವರಿಗೆ ಅನಿವಾರ್ಯದ ವ್ರತವಾಯಿತು. ಕಂದೀಲು ಗೂಟಕ್ಕೆ ತೂಗಿಯೇ ಉಳಿಯಿತು; ಹಣತೆಗೆ ಕುಸುಬೆ ಎಣ್ಣೆ ಬಂದಿತು. ಒಬ್ಬ ಅಜ್ಜಿ ನಮಗೆ ಹೇಳಿದ ಮಾತು ಹೀಗಿರುವದು: “ಬಾಣಂತಿ ಕ್ವಾಣ್ಯಾಗ ಒಂದ ದೀಪ, ದೇವರ ಮುಂದ ಒಂದ ದೀಪ. ಇವೆರಡ ಬಿಟ್ಟರ ಇಡೀ ಓಣಿ ಕತ್ತಲಾ ನೋಡ್ರಿ ಮಾಸ್ತರ. ಮುಂಜಾನಿ ಬೀಸೂ ಕಲ್ಲಿನ ಸಪ್ಪಳಾ ಕೇಳಿನ ಯಾರ ಮನ್ಯಾಗ ಎದ್ದಾರ ಅಂತ ಗೊತ್ತಾಗತಿತ್ತು.”

ಇದೇ ಕಾಲದಲ್ಲಿ ದೂರದ ಇಂಗ್ಲಂಡಿನ ಕಡಲದಂಡೆಯ ಊರುಗಳಲ್ಲಿಯೂ ಕತ್ತಲೆ ಕವಿದಿತ್ತು. ಆ ಊರುಗಳ ಯುದ್ಧಕಾಲದ ದಿನಚರಿಯನ್ನು ಅಲ್ಲಿಯ ಜನ ಬಲು ಎಚ್ಚರದಿಂದ ಬರೆದಿಟ್ಟಿರುವರು. ಬ್ರಾಯಟನ್ ಎಂಬ ಊರನ್ನೇ ನೋಡಿರಿ. ಒಂದನೆಯ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗಾಗಿ ಅಲ್ಲಿಯ ರಾಜಭವನವನ್ನೇ ಆಸ್ಪತ್ರೆ ಮಾಡಿದ್ದರಾದ್ದರಿಂದ ಆ ಹೆಸರು ನಮಗೂ ಪೂರ್ತಿ ಪರಕೀಯವಲ್ಲ. 1940ರ ಬೇಸಗೆಯಲ್ಲಿ ಶತ್ರು ಸಮುದ್ರದಿಂದ ಇಳಿದಾನೆಂಬ ಭಯಕ್ಕೆ ಅಲ್ಲಿಯ ದಂಡೆಗೆ ಮುಳ್ಳುತಂತಿ ಬಿಗಿದು ಜನ ಹೋಗದಂತೆ ಮುಚ್ಚಿದರು. ಕಡಲೊಳಗೆ ಚಾಚಿದ ವಿಹಾರದ ಕಟ್ಟೆಗಳ ನಡುಭಾಗವನ್ನು ಕಿತ್ತುಹಾಕಿದರು. ಕಿಟಕಿಯಿಂದ ಬೆಳಕಿನ ಒಂದು ಗೆರೆ ಹೊರಗೆ ಕಂಡರೂ ದಂಡ ತೆರಬೇಕಾಗಿತ್ತು. ಅಲ್ಲಿ ಎಣ್ಣೆ, ವಿದ್ಯುತ್ತು ಇದ್ದೂ ಸರಕಾರದ ಅಪ್ಪಣೆಯಿಂದ ಕತ್ತಲೆ. ನಮ್ಮಲ್ಲಿ ಅಪ್ಪಣೆ ಇಲ್ಲದೆಯೇ ಎಣ್ಣೆ ತೀರಿ ಕತ್ತಲೆ. ಅಲ್ಲಿಯ ಕತ್ತಲೆ 1945ರಲ್ಲಿ ಕಳೆಯಿತು. ನಮ್ಮಲ್ಲಿಯ ಎಷ್ಟೋ ಹಳ್ಳಿಗಳಿಗೆ ವಿದ್ಯುದ್ದೀಪ ಬರಲು ಮುಂದೆ ಹಲವು ವರ್ಷಗಳೇ ಹಿಡಿದವು.

ಕಾಳು, ಬಟ್ಟೆ, ದುಡ್ಡು

ಬರ್ಮಾದ ಅಕ್ಕಿ ನಿಂತುದು ಜೋಳ ಉಣ್ಣುವ ನಮಗೇಕೆ ತಟ್ಟಬೇಕು ಎಂಬ ಪ್ರಶ್ನೆ ಸಹಜವಾದುದು. ಉತ್ತರವಿಷ್ಟೆ: ಒಂದು ಕಡೆ ಕಾಳು ಕಡಿಮೆಯಾದರೆ ಎಲ್ಲ ಕಡೆಯ ಕಾಳಿಗೂ ಬೆಲೆಯೇರುವದು. ಬೆಲೆಯೇರುವದೆಂದು ಕಂಡೊಡನೆ ಇದ್ದವನು ಮುಚ್ಚಿಡುವನು. ಅದಕ್ಕೆ ತಕ್ಕಂತೆ 1942-43ರಲ್ಲಿ ವಿಜಾಪುರ ಜಿಲ್ಲೆಯಲ್ಲಿ ಬರ ಬಿದ್ದಿತು. 1943ರಲ್ಲಿ ಬಂಗಾಲದಲ್ಲಿ ಲಕ್ಷಾವಧಿ ಜನರು ಹಸಿವಿನಿಂದ ಸತ್ತರು. ಅದೇ ವರ್ಷ ಮುಂಬಯಿ ನಗರದಲ್ಲಿ ರೇಶನ್ ಪದ್ಧತಿ ಜಾರಿಗೆ ಬಂದು, ಮುಂದೆ ಉಳಿದ ಊರುಗಳಿಗೂ ಹಬ್ಬಿತು. ರೈತನು ಬೆಳೆದುದರಲ್ಲಿ ಇಂತಿಷ್ಟನ್ನು ಗೊತ್ತುಪಡಿಸಿದ ದರಕ್ಕೆ ಸರಕಾರಕ್ಕೆ ಅಳೆಯಬೇಕೆಂಬ ಲೆವಿಯ ನಿಯಮವೂ ಬಂದಿತು.

ಇಲ್ಲಿಯೇ ನಮ್ಮ ವಿಷಯದ ಗಂಟು ಇರುವದು. ಪ್ರಾಂತಗಳೂ ಸಂಸ್ಥಾನಗಳೂ ತಮ್ಮ ತಮ್ಮ ಕಾಳು ಸರಹದ್ದು ದಾಟದಂತೆ ತಡೆ ಹಾಕಿದವು. ಅದುವರೆಗೆ ತೌರಿನಿಂದ ಮಗಳ ಮನೆಗೆ ಒಂದು ಚೀಲ ಜೋಳ ಕಳಿಸುವದು ನೆಂಟಸ್ತನದ ಮಾತಾಗಿತ್ತು. ಈಗ ಅದೇ ಚೀಲ ಕಳ್ಳಮಾಲಾಯಿತು. ತಾತನ ಕಾಲದಿಂದ ಕಣ್ಣಿಗೆ ಕಾಣದಿದ್ದ ಸರಹದ್ದು ನಾಕೆಯ ರೂಪದಲ್ಲಿ, ಪರವಾನಿಗೆಯ ಚೀಟಿಯ ರೂಪದಲ್ಲಿ ಎದುರು ನಿಂತಿತು. ಬುತ್ತಿಯ ಗಂಟನ್ನು ಬಿಚ್ಚಿ ತೋರಿಸಬೇಕಾದ ಪ್ರಸಂಗಗಳು ನಮ್ಮ ಹಿರಿಯರ ನೆನಪಿನಲ್ಲಿ ಇದ್ದವು. ಗಡಿಯು ಈ ಸೀಮೆಯ ಜನರ ಅನುಭವಕ್ಕೆ ಮೊದಲು ಬಂದದ್ದು ಭಾಷೆಯ ಮೇಲಲ್ಲ, ಕಾಳಿನ ಚೀಲದ ಮೇಲೆ.

ಕಾಳನ್ನು ನೆಲದೊಳಗೆ ಕಾಪಾಡುವ ವಿದ್ಯೆ ನಮ್ಮಲ್ಲಿ ಹಳೆಯದು. ನಾವು ಹಗೇವು ಎನ್ನುವದನ್ನು ಮರಾಠಿಯಲ್ಲಿ ಪೇವ ಎನ್ನುವರು. ಹರಿಪುರದ ಅರಿಶಿಣದ ಪೇವಗಳು ದೇಶಕ್ಕೇ ಹೆಸರಾಗಿದ್ದವು. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ಕಂಟ್ರೋಲಿನ ಕಾಲದಲ್ಲಿ ಹಗೇವಿನ ಬಾಯಿಯ ಮೇಲೆ ದನದ ಗೋದಲಿ ಕಟ್ಟಿದ ಕಥೆಗಳನ್ನು ನಾವು ಕೇಳಿರುವೆವು. ಇದನ್ನು ಹೊಗಳುವದಕ್ಕಾಗಿ ಹೇಳುತ್ತಿಲ್ಲ. ಮುಚ್ಚಿಟ್ಟವರಲ್ಲಿ ಮಕ್ಕಳ ಹೊಟ್ಟೆಗೆಂದು ಮುಚ್ಚಿಟ್ಟ ಬಡ ಒಕ್ಕಲಿಗನೂ ಇದ್ದನು, ನಾಲ್ಮಡಿ ಬೆಲೆಗೆ ಕಾದ ಸಾಹುಕಾರನೂ ಇದ್ದನು. ಹೊಲವಿಲ್ಲದ ಕೂಲಿಯವನಿಗೆ ಮಾತ್ರ ಹಗೇವೂ ಇಲ್ಲ, ಗೋದಲಿಯೂ ಇಲ್ಲ. ಯುದ್ಧಕಾಲದ ಕಷ್ಟ ಎಲ್ಲರಿಗೂ ಸಮನಾಗಿತ್ತೆಂದು ಬರೆದರೆ ಅದು ಸತ್ಯವಾಗಲಾರದು.

ಬಟ್ಟೆಯ ಕಥೆಯೂ ಇಂಥದೇ. ಗಿರಣಿಗಳ ಬಟ್ಟೆ ಸೈನ್ಯದ ಕಡೆಗೆ ಹರಿಯಿತು. 1943ರಲ್ಲಿ ಬಟ್ಟೆ, ನೂಲುಗಳ ಮೇಲೆಯೂ ಕಂಟ್ರೋಲು ಬಂದಿತು. ಸೀರೆ ಹರಿದರೆ ಕುಬಸ, ಕುಬಸ ಹರಿದರೆ ಕೂಸಿನ ಕುಲಾಯಿ, ಅದೂ ಹರಿದರೆ ಕೌದಿಯ ಪದರು. ಲಗ್ನದ ಸೀರೆಯೊಂದು ಮೂವರು ಅಕ್ಕತಂಗಿಯರ ಹಸೆಮಣೆಗೆ ಬಂದುದೂ ಉಂಟಂತೆ.

ದುಡ್ಡಿನ ಮೈಯೂ ಬದಲಾಯಿತು. 1940ರಲ್ಲಿ ರೂಪಾಯಿಯೊಳಗಿನ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿದರು. ಅದೇ ವರ್ಷ ಒಂದು ರೂಪಾಯಿಯ ಕಾಗದದ ನೋಟು ಬಂದಿತು. ವಿಕ್ಟೋರಿಯಾ ರಾಣಿಯ ಮುದ್ರೆಯ ಹಳೆಯ ರೂಪಾಯಿಗಳ ಚಲಾವಣೆ 1941ರಲ್ಲಿ ನಿಂತಿತು. ಆದರೂ ‘ರಾಣಿಛಾಪ’ವನ್ನು ಮರಳಿ ಕೊಟ್ಟವರು ಕಡಿಮೆ, ಅವು ಗಡಿಗೆ ಸೇರಿದವು, ಕೊರಳಿನ ಸರ ಸೇರಿದವು. 1943ರಲ್ಲಿ ತಾಮ್ರ ಉಳಿಸುವದಕ್ಕಾಗಿ ನಡುವೆ ತೂತುಳ್ಳ ಪೈಸೆ ಹೊರಟಿತು. ಮಕ್ಕಳು ಅದನ್ನು ಉಡಿದಾರಕ್ಕೆ ಪೋಣಿಸಿಕೊಂಡು ಆಡಿದರು.

ಸಿಪಾಯಿ, ಕ್ರಾಂತಿಕಾರಿ, ಪ್ರಾಧ್ಯಾಪಕ

ಈ ನಡುವೆ ಹಳ್ಳಿಯ ತರುಣರ ಮುಂದೆ ಎರಡು ದಾರಿಗಳು ತೆರೆದಿದ್ದವು. ಒಂದು ಬೆಳಗಾವಿಗೆ ಹೋಗುತ್ತಿತ್ತು. ಮರಾಠಾ ಲೈಟ್ ಇನ್ಫಂಟ್ರಿಯ ಕೇಂದ್ರ ಅಲ್ಲಿಯೇ ಇದ್ದು, ಅದರ ಪಲ್ಟಣಗಳು 1941ರಲ್ಲಿ ಆಫ್ರಿಕೆಯ ಕೆರೆನ್‌ದಲ್ಲಿ, ತರುವಾಯ ಇಟಲಿಯಲ್ಲಿ ಕಾದಿದವು. ಮನಿಆರ್ಡರು ಬಂದ ದಿನ ಮನೆಯಲ್ಲಿ ಹಬ್ಬ. ಟಪಾಲಿನವನು ತಾರು ತಂದನೆಂದರೆ ಓಣಿಯೆಲ್ಲ ಮೌನ. ಬಂದ ಪತ್ರವನ್ನು ಓದಿ ಹೇಳುವದೂ ಉತ್ತರ ಬರೆದು ಕೊಡುವದೂ ಸಾಲಿಯ ಮಾಸ್ತರರ ಕೆಲಸ. ಮಗ ದೂರದ ದಂಡಿನಿಂದ ಬರೆಸಿದ್ದು ಒಂದು ಭಾಷೆ, ತಾಯಿ ಕೇಳುವದು ಮತ್ತೊಂದು, ನಡುವೆ ಮಾಸ್ತರರು.

ಇನ್ನೊಂದು ದಾರಿ 1942ರ ಆಗಸ್ಟದ ಚಳವಳಿಯದು. ಸಾತಾರಾ ಜಿಲ್ಲೆಯಲ್ಲಿ ನಾನಾ ಪಾಟೀಲರ ನೇತೃತ್ವದಲ್ಲಿ 1943ರಿಂದ 1946ರ ವರೆಗೆ ನಡೆದ ಪ್ರತಿಸರಕಾರವು ವಾಚಕರಿಗೆ ತಿಳಿದುದೇ. ಅದು ಹಳ್ಳಿಗಳಲ್ಲಿ ನ್ಯಾಯ ಪಂಚಾಯತಿ ನಡೆಸಿತು, ಕಾಳಾಬಜಾರ ಮಾಡಿದವರನ್ನು ಶಿಕ್ಷಿಸಿತು, ಕಡಿಮೆ ಖರ್ಚಿನ ಗಾಂಧಿ ವಿವಾಹಗಳನ್ನು ಮಾಡಿಸಿತು. ಸಾಂಗ್ಲಿಯ ಬಳಿಯ ಪದ್ಮಾಳೆಯ ವಸಂತದಾದಾ ಪಾಟೀಲರು 1943ರ ಜುಲೈ 24ರಂದು ಹಾಡಹಗಲೇ ಸಂಗಡಿಗರೊಡನೆ ಸಾಂಗ್ಲಿಯ ಸೆರೆಮನೆಯಿಂದ ಪಾರಾದರು. ಬೆನ್ನಟ್ಟಿದ ಪೋಲೀಸರ ಗುಂಡಿಗೆ ಅಣ್ಣಾಸಾಹೇಬ ಪತ್ರಾವಳೆ ಹಾಗೂ ಬಾಬುರಾವ ಜಾಧವ ಬಲಿಯಾದರು. ದಾದಾ ಗಾಯಗೊಂಡು ಸಿಕ್ಕಿಬಿದ್ದರು. ಸೆರೆಮನೆಯ ಗೋಡೆ ಹಾರಿದ ಆ ತರುಣರು 1977ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಗಳಾದರು.

ಮೂರನೆಯ ಒಂದು ದಾರಿಯನ್ನು ಸಾಹಿತ್ಯಾಭ್ಯಾಸಿಗಳಾದ ನಾವು ಮರೆಯಬಾರದು. ಅದೇ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಯುದ್ಧದ ಆ ದಿನಗಳಲ್ಲಿ ವಿನಾಯಕ ಕೃಷ್ಣ ಗೋಕಾಕರು ಪ್ರಾಚಾರ್ಯರಾಗಿದ್ದರು, ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸುತ್ತಿದ್ದರು. ಕಾಗದಕ್ಕೂ ಕಂಟ್ರೋಲು ಬಂದಿದ್ದ ಆ ದಿನಗಳಲ್ಲಿ ಮರಾಠಿ ಪಟ್ಟಣವೊಂದರಲ್ಲಿ ಪಂಪ ರನ್ನರ ಪಾಠ ನಡೆದಿತ್ತೆಂಬುದು ನಮಗೆ ಅಭಿಮಾನದ ಮಾತು. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ 1953ರಲ್ಲಿ ಹೊರಬಂದು, 1956ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನ ದೊರೆಯಿತು.

ವಳಿವಡೆಯ ಅತಿಥಿಗಳು

ಮಹಾಯುದ್ಧದ ನಿಜವಾದ ಮುಖವನ್ನು ಈ ಸೀಮೆ ಕಂಡದ್ದು ಮಿರಜ–ಕೊಲ್ಹಾಪುರ ರೈಲು ದಾರಿಯಲ್ಲಿರುವ ವಳಿವಡೆಯಲ್ಲಿ. ಪೋಲಂಡ ದೇಶವನ್ನು 1939ರಲ್ಲಿ ಜರ್ಮನಿ ಒಂದು ಕಡೆಯಿಂದಲೂ ರಶಿಯಾ ಇನ್ನೊಂದು ಕಡೆಯಿಂದಲೂ ನುಂಗಿದಾಗ ಅಲ್ಲಿಯ ಲಕ್ಷಾವಧಿ ಜನರನ್ನು ರಶಿಯಾದೊಳಕ್ಕೆ ಅಟ್ಟಿದ್ದರು. ಬಿಡುಗಡೆಯಾದವರಲ್ಲಿ ಕೆಲವರು ಇರಾಣ, ಕರಾಚಿಗಳ ಮಾರ್ಗವಾಗಿ ಭಾರತಕ್ಕೆ ಬಂದರು. ಅವರಲ್ಲಿ ಸುಮಾರು ಐದು ಸಾವಿರ ಜನ, ಹೆಚ್ಚಾಗಿ ಹೆಂಗಸರು ಮಕ್ಕಳು, 1943ರಿಂದ 1948ರ ವರೆಗೆ ವಳಿವಡೆಯ ಛಾವಣಿಯಲ್ಲಿ ವಾಸಿಸಿದರು. ಅಲ್ಲಿ ಅವರದೇ ಶಾಲೆಗಳು, ಚರ್ಚು, ಆಸ್ಪತ್ರೆ, ನಾಟಕದ ಮನೆ ಎದ್ದವು. ಹಾಲು, ತರಕಾರಿ, ತತ್ತಿ ಮಾರಲು ಹೋದ ಸುತ್ತಲಿನ ಹಳ್ಳಿಗರು ಕೈಸನ್ನೆಯಿಂದ ವ್ಯವಹಾರ ಕಲಿತರು. ತಮಗಿಂತ ಹೆಚ್ಚು ಕಳೆದುಕೊಂಡ ಬಿಳಿಯರೂ ಲೋಕದಲ್ಲಿರುವರೆಂಬುದು ಅಲ್ಲಿ ಅವರಿಗೆ ಕಂಡಿತು. ಆಳುವ ಬಿಳಿಯರನ್ನಷ್ಟೇ ಕಂಡಿದ್ದವರಿಗೆ ಅದು ಸಣ್ಣ ಪಾಠವಲ್ಲ.

ಪೋಲಂಡಿನವರು ಹೊರಟುಹೋದರು. ಅದೇ ಛಾವಣಿಗೆ ದೇಶವಿಭಜನೆಯಿಂದ ಮನೆ ಕಳೆದುಕೊಂಡ ಸಿಂಧಿ ಕುಟುಂಬಗಳು ಬಂದವು. ಅದೇ ಇಂದಿನ ಗಾಂಧಿನಗರ. ಆ ನಿರಾಶ್ರಿತರು ಅಲ್ಲಿ ದೊಡ್ಡ ಬಟ್ಟೆಯ ಪೇಠೆಯನ್ನೇ ಕಟ್ಟಿದರು. ಒಂದು ಸೀರೆಗಾಗಿ ಚೀಟಿ ಹಿಡಿದು ನಿಂತಿದ್ದ ಕಾಲದ ಹೆಣ್ಣುಮಕ್ಕಳು ಮುಂದೆ ತಮ್ಮ ಮೊಮ್ಮಕ್ಕಳ ಲಗ್ನದ ಜವಳಿಗೆ ಅದೇ ನೆಲಕ್ಕೆ ಹೋಗಿ ಬಂದರು.

ಶಾಂತಿ ತಂದ ಗೆರೆ

1945ರಲ್ಲಿ ಯುದ್ಧ ಮುಗಿದರೂ ಕಂಟ್ರೋಲು ಮುಗಿಯಲಿಲ್ಲ. ಗೆದ್ದ ಇಂಗ್ಲಂಡಿನಲ್ಲಿಯೇ ಯುದ್ಧಕಾಲದಲ್ಲಿ ಮುಕ್ತವಾಗಿದ್ದ ಬ್ರೆಡ್ಡು 1946ರಲ್ಲಿ ರೇಶನ್ನಿಗೆ ಬಂದಿತು. ನಮ್ಮಲ್ಲಿ ಗಾಂಧೀಜಿಯವರ ಒತ್ತಾಯದಿಂದ 1947ರ ಡಿಸೆಂಬರದಲ್ಲಿ ನಿರ್ಬಂಧಗಳು ಸಡಿಲಾದವು. ಬೆಲೆಗಳು ನೆಗೆದುದರಿಂದ 1948ರಲ್ಲಿ ಮರಳಿ ಬಂದವು. ಎರಡೂ ದೇಶಗಳಲ್ಲಿ ಆಹಾರದ ರೇಶನ್ ಮುಗಿದದ್ದು 1954ರಲ್ಲಿ ಎಂಬುದು ಗಮನಿಸತಕ್ಕ ಸಂಗತಿ.

1948ರ ಜನವರಿ 30ರಂದು ಗಾಂಧೀಜಿಯವರ ಕೊಲೆಯಾದ ತರುವಾಯ ಸಾಂಗ್ಲಿ, ಕೊಲ್ಹಾಪುರ, ಸಾತಾರಾ ಭಾಗಗಳಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿದ್ದಿತು. ಹಂತಕನ ಜಾತಿಯೊಂದೇ ಕಾರಣವಾಗಿ ನಿರಪರಾಧಿಗಳಾದ ಕುಲಕರ್ಣಿ, ಮಾಸ್ತರ, ವೈದ್ಯ ಮನೆತನಗಳು ಹಳ್ಳಿ ಬಿಟ್ಟು ಪಟ್ಟಣ ಸೇರಿದವು. ಯುದ್ಧದ ವರ್ಷಗಳಲ್ಲಿ ಮನೆಮನೆಯ ಪತ್ರಗಳನ್ನು ಓದಿ ಹೇಳಿದವರಲ್ಲಿ ಕೆಲವರು ಇಂಥ ಮನೆಗಳವರೇ. ಯುದ್ಧ ಸುಡದ ಮನೆಗಳನ್ನು ನಾವೇ ಸುಟ್ಟೆವೆಂಬುದನ್ನು ಬರೆಯುವಾಗ ಲೇಖನಿ ತಡೆಯುವದು. ಆದರೆ ಬರೆಯದೆ ಬಿಡುವದು ಇತಿಹಾಸವಲ್ಲ.

ಅದೇ ವರ್ಷ ಮಾರ್ಚ 8ರಂದು ದಖ್ಖನದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರಲ್ಲಿ ಕೊಲ್ಹಾಪುರವೂ ಸೇರಿತು. ದಕ್ಷಿಣ ಸಾತಾರಾ ಎಂಬ ಜಿಲ್ಲೆ ಹುಟ್ಟಿ 1960ರಲ್ಲಿ ಸಾಂಗ್ಲಿ ಎಂಬ ಹೆಸರು ಪಡೆಯಿತು. ಆಳಿಕೆ ಒಂದಾದುದು ಒಳ್ಳೆಯದೇ. ಆದರೆ ಸಾಂಗ್ಲಿಯ ಕನ್ನಡ ತಾಲೂಕುಗಳು ಒಂದೊಂದು ಜಿಲ್ಲೆಗೆ ಹಂಚಿಹೋದವು. 1956ರ ನವೆಂಬರ 1ರಂದು ಬೆಳಗಾವಿ, ವಿಜಾಪುರ, ಧಾರವಾಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ತೇರದಾಳ, ಶಿರಹಟ್ಟಿಗಳು ಆಚೆ ಉಳಿದವು. ಮಿರಜ ಸೀಮೆಯ ಕನ್ನಡ ಮನೆಗಳು ಈಚೆ ಉಳಿದವು. ಕಂಟ್ರೋಲಿನ ನಾಕೆಗಳು ಕಿತ್ತುಹೋದವು, ಭಾಷೆಯ ನಾಕೆ ನಿಂತಿತು. ಮೊದಲು ಹಲವು ಆಳಿಕೆಗಳಲ್ಲಿ ಒಂದಾಗಿದ್ದ ಜನ ಈಗ ಎರಡು ರಾಜ್ಯಗಳಲ್ಲಿ ಬೇರಾದರು.

ನಮ್ಮ ಕರ್ತವ್ಯ

ಈ ಕಾಲದ ದಾಖಲೆಗಳನ್ನು ಎಲ್ಲಿ ಹುಡುಕಬೇಕು? ಸರಕಾರಿ ಕಡತಗಳಲ್ಲಿ ಲೆವಿಯ ಮಣಗಳು ಸಿಕ್ಕಾವು. ಬೀಸುವ ಕಲ್ಲಿನ ಸಪ್ಪಳ ಸಿಗಲಾರದು. ಅದು ನಮ್ಮ ಮಾತಿನಲ್ಲಿ ಇರುವದು. ಸ್ವಸ್ತ ಧಾನ್ಯದ ಅಂಗಡಿಗೆ ಇಂದಿಗೂ ‘ಕಂಟ್ರೋಲ’ ಎಂದೇ ಹೆಸರು. ಮೊಮ್ಮಗನನ್ನು ಅಜ್ಜಿ “ಕಂಟ್ರೋಲಿಗೆ ಹೋಗಿ ಬಾ” ಎಂದು ಕಳಿಸುವಳು. ಬಿಲ್ಯಾಕ, ಲೆವಿ, ಪರಮಿಟ್ಟು, ರಾಣಿಛಾಪ, ಈ ಒಂದೊಂದು ಶಬ್ದವೂ ಒಂದೊಂದು ಶಾಸನ. ಶಿಲಾಹಾರರ ಕಲ್ಲುಶಾಸನಗಳನ್ನು ಓದಿ ಪ್ರಕಟಿಸಿದ ಪಂಡಿತರಿಗೆ ನಾವು ಋಣಿಗಳು. ಆದರೆ ಕಲ್ಲು ಇನ್ನೂ ನೂರು ವರ್ಷ ಕಾದೀತು. ತೊಂಬತ್ತು ದಾಟಿದ ಅಜ್ಜಿ ಕಾಯಲಾರಳು.

ಗಡಿನಾಡಿನ ಪ್ರತಿಯೊಂದು ಶಾಲೆಯ ಶಿಕ್ಷಕರು ತಮ್ಮ ಊರಿನಲ್ಲಿ ಉಳಿದಿರುವ ಇಂಥ ಒಬ್ಬಿಬ್ಬರ ಬಳಿ ಕುಳಿತು, ಅವರು ಆಡಿದ ಮಾತನ್ನು ಅವರ ಮಾತಿನಲ್ಲಿಯೇ, ಅದು ಕನ್ನಡವಿರಲಿ, ಮರಾಠಿ ಇರಲಿ, ಎರಡೂ ಬೆರೆತುದಿರಲಿ, ಬರೆದುಕೊಳ್ಳಬೇಕು. ತಿದ್ದಿ ಶುದ್ಧಗೊಳಿಸುವ ಆತುರ ಬೇಡ. ಎಣ್ಣೆ ಹೇಗೆ ತಂದಿರಿ, ಕಾಳು ಎಲ್ಲಿಟ್ಟಿರಿ, ಯಾರಿಗೆ ಕೊಟ್ಟಿರಿ, ಯಾರು ಕೊಟ್ಟರು ಎಂಬ ನಾಲ್ಕು ಪ್ರಶ್ನೆಗಳು ಸಾಕು. ಕೊನೆಯ ಎರಡು ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಗಡಿಯ ಆಚೆಯ ಊರುಗಳ ಹೆಸರುಗಳೂ ಇರುವವೆಂದು ನಾವು ನಂಬಿರುವೆವು.